ಕೂಗಾಡದ ಮನುಷ್ಯ

ಬೆಳಿಗ್ಗೆ ಎದ್ದಾಗಿನಿಂದ ಅವನ ಬಾಯೊಳಗೆ ಒಂದೇ ವಾಕ್ಯ ಸುತ್ತುತ್ತಿತ್ತು. ಹಲ್ಲುಜ್ಜುವಾಗ ಅದು, ಅಧ್ಯಕ್ಷರೇ ಈ ಪ್ಯಾರಾದ ಬಗ್ಗೆ ನನ್ನದೊಂದು ಮಾತಿದೆ, ಎಂದಿಷ್ಟೇ ಇತ್ತು. ಸ್ನಾನ ಮುಗಿಯುವಷ್ಟರಲ್ಲಿ ದಯವಿಟ್ಟು ಎಂಬುದೊಂದು ಮುಂದೆ ಬಂದು ನಿಂತುಕೊಂಡಿತು. ಅಂಗಿಯ ಗುಂಡಿ ಹಾಕಿಕೊಳ್ಳುವಾಗ, ತಮ್ಮ ಅಪ್ಪಣೆಯಾದರೆ, ಎಂದು ಇನ್ನೊಂದು ಬಾಲ. ಹೀಗೇ ಬಿಟ್ಟರೆ ಸಭೆಯ ಹೊತ್ತಿಗೆ ಬರೀ ಮರ್ಯಾದೆ ಉಳಿದು ಮಾತೇ ಮಾಯವಾಗಿರುತ್ತದೆಂದು ಅವನಿಗೆ ತನ್ನ ಮೇಲೇ ಸಿಟ್ಟು ಬಂತು. ಮನೆಯ ಕೆಳಗೇ ಅವನ ಕನ್ನಡಕದಂಗಡಿ. ಬಾಗಿಲು ಅರ್ಧ ತೆಗೆದು, ಆಗಲೇ ಮೆಟ್ಟಿಲ ಮೇಲೆ ಕಾಯುತ್ತಿದ್ದ ಒಬ್ಬ ಮುದುಕನನ್ನು ಕುರ್ಚಿಯಲ್ಲಿ ಕೂರಿಸಿ, ಮೂಗಿನ ಮೇಲೆ ಪರೀಕ್ಷೆಯ ಚೌಕಟ್ಟು ಇಟ್ಟು, ಗಾಜು ಬದಲಿಸುತ್ತ, "ಇದರಲ್ಲಿ ಚೆನ್ನಾಗಿದೆಯಾ, ಇದರಲ್ಲಾ?" ಎಂದು ಕೇಳಿದ. ಮುದುಕ, "ನೀವೇ ಹೇಳಿ, ಯಾವುದು ಒಳ್ಳೇದು," ಎಂದ. "ನೋಡ್ತಿರೋದು ನೀವು, ನಾನು ಹೇಗೆ ಹೇಳ್ಲಿ?" "ನಿಮಗೆ ಗೊತ್ತಿರುತ್ತಲ್ಲ, ನೀವು ಹೇಳಿದ್ದೇ ಸರಿ." ಇಷ್ಟು ವರ್ಷಗಳಿಂದ ಇದೇ ಪಾಡು. ತಮ್ಮ ಕಣ್ಣಿಗೆ ಕಂಡದ್ದನ್ನು ತಾವೇ ಬಾಯಿಬಿಟ್ಟು ಹೇಳಲು ಜನ ಹೆದರುತ್ತಾರೆ, ಎಲ್ಲಿ ತಪ್ಪಾಗಿಬಿಡುತ್ತದೋ, ಎಲ್ಲಿ ದಡ್ಡರೆನಿಸಿಕೊಳ್ಳುತ್ತೇವೋ ಎಂದು. ಎಂಥ ಪುಕ್ಕಲು ಜನವಪ್ಪ ಎಂದುಕೊಂಡವನು, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಮುದುಕನ ಎದುರಿಗೇ ಸಣ್ಣಗಾದ. ನಾಳೆ ಬನ್ನಿ, ಸಾವಕಾಶವಾಗಿ ನೋಡೋಣ ಎಂದು ಕಳಿಸಿಬಿಟ್ಟ.

ಹೆಂಡತಿ ಇಸ್ತ್ರಿ ಮಾಡಿದ ಕೋಟು ತೋಳಿನ ಮೇಲೆ ಹಾಕಿಕೊಂಡು ಇಳಿದು ಬಂದಳು. ತಮ್ಮ ಗುಂಡ ಸತ್ತ ಮೇಲೆ ಅವಳು ಮೆಟ್ಟಿಲಿಳಿಯುವ ರೀತಿಯೇ ಬದಲಾಗಿದೆ, ಗೋಡೆ ಹಿಡಿದುಕೊಂಡು ಇಳಿಯುತ್ತಾಳೆ. "ರೀ, ಇವತ್ತು ತಾನೆ ಭವನದ ವಿಷಯ ಬರೋದು?" "ಬರಬಹುದು." "ಬರಬಹುದು ಅಂದ್ರೇನು? ಇವತ್ತು ಅದೇ ಅಧ್ಯಾಯ ಅಂತ ನೀವೇ ನಿನ್ನೆ ಹೇಳಿದ್ರಿ." "ಅಧ್ಯಕ್ಷರ ಮೂಡ್ ಹೇಗಿರುತ್ತೋ, ನೋಡ್ಬೇಕು." "ಅವರ ಮೂಡ್ ಕಟ್ಕೊಂಡು ನಮಗೇನಾಗ್ಬೇಕಾಗಿದೆ? ಗುಂಡ ಫೋನ್ ಮಾಡಿದ್ದನ್ನ ಹೇಳಿ, ಸಾಕು. ಗಾಳಿ ಬರ್ತಿಲ್ಲ ಅಂತ ಅವನೇ ಬಾಯ್ಬಿಟ್ಟು ಹೇಳಿದ್ದ ಅನ್ನಿ. ಅದಕ್ಕೇನು ಭಾಷಣ ಬೇಕಾ?" ಎಂದು ಕೋಟಿನ ಕೊರಳಪಟ್ಟಿ ಎಳೆದು ನೇರ ಮಾಡಿದಳು. "ಅಮ್ಮ ನಿನ್ನೆಯೂ ಫೋನಲ್ಲಿ ಕೇಳಿದ್ಲು, ಅಳಿಯಂದ್ರು ಹೇಳಿದ್ರಾ ಅಂತ. ನಾಳೆ ಹೇಳ್ತಾರೆ ಅಂದಿದ್ದೀನಿ." "ಹೇಳ್ತೀನಿ ಬಿಡೇ," ಎಂದ. ಅವಳು ಕೋಟನ್ನು ಅವನಿಗೆ ತೊಡಿಸಿ ಒಳಗೆ ಹೋದಳು.

ಅಷ್ಟರಲ್ಲಿ ಬೀದಿಯ ತಿರುವಿನಲ್ಲಿ ಕಾರು ಕಾಣಿಸಿತು. ಮುಂದೆ ಸರ್ಕಾರದ ಫಲಕವಿರುವ ಬಿಳಿಯ ಕಾರು. ಎದುರಿನ ಔಷಧಿ ಅಂಗಡಿಯವನು ಹಲಗೆಯ ಮೇಲೆ ಮೊಣಕೈ ಊರಿ ನೋಡುತ್ತಾನೆ, ಪಕ್ಕದ ದರ್ಜಿ ಯಂತ್ರ ನಿಲ್ಲಿಸಿ ನೋಡುತ್ತಾನೆ. ಮೊದಲ ದಿನ ಅವನಿಗೆ ನಾಚಿಕೆಯಾಗಿತ್ತು. ಎರಡನೆಯ ವಾರ ಕಾರು ತಡವಾಗಿ ಬಂದಾಗ ತಾನೇ ಬಾಗಿಲಿಗೂ ಒಳಕ್ಕೂ ತಿರುಗಾಡಿದ್ದನ್ನು ಅವನು ಮರೆತಿಲ್ಲ. ಚಾಲಕ ಇಳಿದು ಬಾಗಿಲು ತೆಗೆಯುವಾಗ ತಾನು ಬೇಕೆಂದೇ ಒಂದು ಕ್ಷಣ ನಿಲ್ಲುತ್ತೇನೆ, ಬೀದಿ ನೋಡಲಿ ಎಂದು ನಿಲ್ಲುತ್ತೇನೆ ಎಂಬುದೂ ಅವನಿಗೆ ಗೊತ್ತು. ಬಾಮೈದ ಸತ್ತದ್ದಕ್ಕೆ ಬಂದ ಕಾರಿದು. ಅವನು ಬದುಕಿದ್ದರೆ ಇವನನ್ನು ಯಾರು ಕೇಳುತ್ತಿದ್ದರು? ಸಾಂಕ್ರಾಮಿಕದ ಕಾಲದಲ್ಲಿ ರಾಜ್ಯ ಸರ್ಕಾರ ಹೇಗೆ ನಡೆದುಕೊಂಡಿತೆಂದು ಪರಿಶೀಲಿಸುವುದಕ್ಕೆ ಸಮಿತಿಯಾದಾಗ, ಸತ್ತವರ ಕಡೆಯವರನ್ನೆಲ್ಲ ಕರೆದು ಅಹವಾಲು ಕೇಳಿದ್ದರು. ಆ ದಿನ ಸಭಾಂಗಣದಲ್ಲಿ ಕಿವಿಗಡಚಿಕ್ಕುವ ಗದ್ದಲ. ಒಬ್ಬಳು ಗಂಡನ ಫೋಟೋ ಹಿಡಿದು ವೇದಿಕೆ ಹತ್ತಿಬಿಟ್ಟಿದ್ದಳು. ಒಬ್ಬ ಕುರ್ಚಿ ಎತ್ತಿದ. ಜನರನ್ನು ತಡೆಯಲು ಕಟ್ಟಿದ್ದ ಹಗ್ಗದ ಆಚೆ ನಿಂತವರು ಕೊಲೆಗಡುಕರು ಎಂದು ಕೂಗುತ್ತಿದ್ದರು. ಇವನ ಸರದಿ ಬಂದಾಗ ಇವನು ಕೈಮುಗಿದು, ನಾನು ಯಾರನ್ನೂ ದೂರೋಕೆ ಬಂದಿಲ್ಲ, ಎಲ್ಲರೂ ಕೈಲಾದ್ದು ಮಾಡಿದ್ದಾರೆ, ಇನ್ನು ಮುಂದೆ ಯಾರಿಗೂ ಹೀಗಾಗಬಾರದು ಅಷ್ಟೇ, ಎಂದು ಹೇಳಿ ಕೂತುಬಿಟ್ಟ. ಅಧ್ಯಕ್ಷರು, ಅವರು ನಿವೃತ್ತ ನ್ಯಾಯಾಧೀಶರು, ತಲೆಯೆತ್ತಿ ಇವನನ್ನೇ ನೋಡಿದರು. ಮುಂದಿನ ವಾರ ಕಚೇರಿಯಿಂದ ಫೋನು. ಸಮಿತಿಯಲ್ಲಿ ಜನರ ಕಡೆಯಿಂದ ಒಬ್ಬರು ಇರಬೇಕಂತೆ, ಅಧ್ಯಕ್ಷರಿಗೆ ಕೂಗಾಡದ ಮನುಷ್ಯ ಬೇಕಂತೆ. ಹೆಂಡತಿ ಅಂದು ಅಳುತ್ತಲೇ ನಕ್ಕಿದ್ದಳು. ನೋಡಿ, ದೇವರು ನಿಮ್ಮನ್ನ ಒಳಗೇ ಕೂರಿಸಿದ, ಇನ್ನು ಗುಂಡನ ವಿಷಯ ಯಾರು ಮುಚ್ಚಿಡ್ತಾರೋ ನೋಡೋಣ, ಎಂದಿದ್ದಳು.

ಗುಂಡ ಗುಂಡಗೇನೂ ಇರಲಿಲ್ಲ. ಹುಟ್ಟಿದಾಗ ಇದ್ದನಂತೆ, ಆಮೇಲೆ ಕಡ್ಡಿಯಂತಾದರೂ ಹೆಸರು ಉಳಿದುಕೊಂಡಿತು. ಇವನ ಮದುವೆಯಲ್ಲಿ ಅವನಿನ್ನೂ ಚಡ್ಡಿ ಹಾಕುತ್ತಿದ್ದ. ಹೊಸ ಭಾವನ ಬೆನ್ನಿಗೆ ಬಿದ್ದು, ಭಾವ ಕೂರು ಅಂದರೆ ಕೂತು, ಓದು ಅಂದರೆ ಓದಿ, ಕೊನೆಗೆ ಭಾವ ಹೇಳಿದರೆಂದೇ ಲಿಫ್ಟ್ ರಿಪೇರಿಯ ಕೆಲಸ ಕಲಿತಿದ್ದ. ಊರಿನ ದೊಡ್ಡ ಕಟ್ಟಡಗಳ ಲಿಫ್ಟೆಲ್ಲ ಅವನ ಕೈಯಲ್ಲೇ. "ಭಾವ, ನಮ್ಮ ಹಣೆಬರಹ ನೋಡಿ," ಎನ್ನುತ್ತಿದ್ದ, "ಲಿಫ್ಟ್ ಕೆಟ್ಟಾಗ ತಾನೆ ನಮ್ಮನ್ನ ಕರೆಯೋದು. ಹಾಗಾಗಿ ಲಿಫ್ಟಿನೋರು ಜೀವಮಾನವಿಡೀ ಮೆಟ್ಟಿಲೇ ಹತ್ತೋದು." ಹೆಗಲ ಮೇಲೆ ಸಾಮಾನಿನ ಚೀಲ ಹೊತ್ತು ಓಡಿ ಹತ್ತುತ್ತಿದ್ದವನಿಗೆ ಏದುಸಿರು ಬಂದದ್ದು ಯಾರೂ ಕಂಡಿರಲಿಲ್ಲ. ಜ್ವರ ಬಂದಾಗಲೂ ನಡೆದುಕೊಂಡೇ ಹೋಗಿ ಭವನದ ಹಾಸಿಗೆಯಲ್ಲಿ ಮಲಗಿದ. ಕಾರು ಈಗ ಆ ಭವನದ ಮುಂದೆಯೇ ಹೋಗುತ್ತಿತ್ತು. ವಸ್ತುಪ್ರದರ್ಶನಕ್ಕೆಂದು ಕಟ್ಟಿದ, ತಗಡು ಮಾಡಿನ ಭಾರಿ ಕಟ್ಟಡ. ಆಗ ಅಲ್ಲಿ ಸಾಲು ಹಾಸಿಗೆಗಳನ್ನು ಹಾಕಿ ತಾತ್ಕಾಲಿಕ ಆಸ್ಪತ್ರೆ ಮಾಡಿದ್ದರು, ಈಗ ಬಾಗಿಲ ಮೇಲೆ ಪೀಠೋಪಕರಣ ಮೇಳದ ಬಟ್ಟೆ ಹಾರಾಡುತ್ತಿತ್ತು. "ಸಾರ್, ಸೋಫಾ ಎಲ್ಲ ಅರ್ಧ ಬೆಲೆಗಂತೆ," ಎಂದ ಚಾಲಕ. "ನಮ್ಮನೆಯವಳು ನೋಡ್ಕೊಂಡು ಬರೋಣ ಅಂತಿದ್ಲು. ನನಗ್ಯಾಕೋ ಒಳಗೆ ಹೋಗೋಕೆ ಮನಸ್ಸೇ ಬರಲ್ಲ." ಇವನು ಹೂಂ ಎಂದ. ಗಾಜಿನಾಚೆ ಒಂದು ಮಂಚವನ್ನು ನಾಲ್ಕು ಜನ ಹೊತ್ತು ಸಾಗಿಸುತ್ತಿದ್ದರು, ಮೇಲೆ ಹೊಸ ಹಾಸಿಗೆ, ಪ್ಲಾಸ್ಟಿಕ್ ಇನ್ನೂ ತೆಗೆದಿರಲಿಲ್ಲ.

ಗುಂಡ ಭವನದಲ್ಲಿ ಮಲಗಿದ್ದ ಆ ಸಂಜೆ ಇವನು ಅಂಗಡಿಯ ಅರೆಬಾಗಿಲ ಹಿಂದೆ ಕೂತು ಗಾಜು ಉಜ್ಜುತ್ತಿದ್ದ. ಮಾಡಲು ಕೆಲಸವಿಲ್ಲದೆ, ಉಜ್ಜಿದ್ದನ್ನೇ ಉಜ್ಜುತ್ತಿದ್ದ. ಫೋನು ಬಂತು. ಭಾವ, ಎಂದು ಅವನು ಒಂದು ಸಲ ಹೇಳಿ, ಉಸಿರು ತೆಗೆದುಕೊಂಡು, ಮತ್ತೆ ಭಾವ ಎಂದ. ಪೈಪಲ್ಲಿ ಗಾಳಿ ಬರ್ತಿಲ್ಲ ಭಾವ. ಸ್ವಲ್ಪ ಹೊತ್ತಾಯ್ತು. ಪಕ್ಕದೋರಿಗೂ ಬರ್ತಿಲ್ಲ. ಇಲ್ಲಿ ಯಾರೂ ಕಾಣಿಸ್ತಿಲ್ಲ. ಎದ್ದು ಕೂಗ್ಲಾ? ಎದ್ದು ಕೂಗಲಾ ಎಂದು ಕೇಳಿದ್ದ, ಅಪ್ಪಣೆ ಕೇಳುವ ಹಾಗೆ. ಇವನಿಗೆ ಆ ಕ್ಷಣ ಕಣ್ಣಮುಂದೆ ಬಂದದ್ದು ಏನು? ನೀಲಿ ನಿಲುವಂಗಿಯ ನರ್ಸುಗಳು ಬೇಸರದಿಂದ ತಿರುಗಿ ನೋಡುವುದು, ಯಾವನೋ ಇವನು ರಂಪ ಮಾಡುವವನು ಎನ್ನುವುದು, ನಾಳೆ ಅದೇ ನರ್ಸುಗಳ ಕೈಯಲ್ಲೇ ಗುಂಡ ಇರಬೇಕಲ್ಲ, ಸಿಟ್ಟು ಇಟ್ಟುಕೊಂಡರೆ. ಒಳ್ಳೆಯದಕ್ಕೇ ಯೋಚಿಸಿದ್ದ. ಒಳ್ಳೆಯದಕ್ಕೇ ಎಂದು ಇಷ್ಟು ತಿಂಗಳಿಂದ ಹೇಳಿಕೊಳ್ಳುತ್ತಲೂ ಇದ್ದಾನೆ. "ಗಲಾಟೆ ಮಾಡ್ಬೇಡ ಗುಂಡ," ಎಂದ. "ಅವರಿಗೂ ಸಾಕಾಗಿರುತ್ತೆ. ನೋಡ್ಕೋತಾರೆ. ನೀನು ಸುಮ್ನೆ ಮಲ್ಕೋ, ಮಾತಾಡಿ ದಣೀಬೇಡ." ಅವನು, ಹೂಂ ಭಾವ, ಎಂದ. ಫೋನು ಇಟ್ಟ. ಇವನು ಮತ್ತೆ ಗಾಜು ಉಜ್ಜಲು ತೊಡಗಿದ, ಸ್ವಲ್ಪ ಹೊತ್ತಿನ ಮೇಲೆ ಮೇಲೆ ಹೋಗಿ ಹೆಂಡತಿಗೆ, ಗುಂಡ ಫೋನ್ ಮಾಡಿದ್ದ, ಗಾಳಿ ಸರಿಯಾಗಿ ಬರ್ತಿಲ್ಲ ಅಂದ, ಎಂದೂ ಹೇಳಿದ. ತಾನೇನು ಹೇಳಿದೆ ಎನ್ನುವುದನ್ನು ಹೇಳಲಿಲ್ಲ. ಅವಳು ಕೇಳಲೂ ಇಲ್ಲ, ಆಗಲೇ ಭವನದ ನಂಬರಿಗೆ ಫೋನು ತಿರುಗಿಸಲು ಶುರುಮಾಡಿದ್ದಳು. ಯಾರೂ ಎತ್ತಲಿಲ್ಲ. ಕತ್ತಲಾಗುವ ಹೊತ್ತಿಗೆ ಅಲ್ಲಿಂದಲೇ ಫೋನು ಬಂತು.

ಸಮಿತಿಯ ಕಚೇರಿಯ ಓಣಿಯಲ್ಲಿ ಡಾಕ್ಟರಮ್ಮ ನಿಂತಿದ್ದಳು. ಸಮಿತಿಯಲ್ಲಿ ವೈದ್ಯರ ಕಡೆಯಿಂದ ಇದ್ದವಳು, ಸರ್ಕಾರಿ ಆಸ್ಪತ್ರೆಯಲ್ಲಿ ಇನ್ನೂ ನೌಕರಿಯಲ್ಲಿರುವವಳು. ಇವನಿಗಿಂತ ಚಿಕ್ಕವಳು, ಸದಾ ನಿದ್ದೆಗೆಟ್ಟ ಕಣ್ಣು, ಒಂದು ಕಡೆ ಜಾರುವ ಕಪ್ಪು ಚೌಕಟ್ಟಿನ ಕನ್ನಡಕ. ಅವಳು ಇವನನ್ನು ಕಿಟಕಿಯ ಪಕ್ಕಕ್ಕೆ ಕರೆದು, ದನಿ ತಗ್ಗಿಸಿ, "ಕರಡು ನೋಡಿದ್ರಾ?" ಎಂದಳು. "ನೋಡಿದೆ." "ಭವನದ ಪ್ಯಾರಾ ಓದಿದ್ರಾ? ರೋಗಿಗಳಿಂದಾಗ್ಲಿ ಅವರ ಕಡೆಯವರಿಂದಾಗ್ಲಿ ಯಾವ ದೂರೂ ಬಂದಿರಲಿಲ್ಲ ಅಂತ ಬರೆದಿದ್ದಾರೆ. ಆ ಒಂದು ಸಾಲಿನ ಮೇಲೆ ಇಡೀ ಅಧ್ಯಾಯ ನಿಂತಿದೆ. ದೂರೇ ಇಲ್ಲ ಅಂದ್ಮೇಲೆ ತೊಂದರೆ ಎಲ್ಲಿಂದ ಬಂತು, ತೊಂದರೆ ಇಲ್ಲ ಅಂದ್ಮೇಲೆ ಸಾವು ರೋಗದಿಂದಲೇ." ಇವನು ಕಿಟಕಿಯ ಹೊರಗೆ ನೋಡಿದ. "ನಿಮ್ಮ ಬಾಮೈದ ಫೋನ್ ಮಾಡಿದ್ರು ಅಂತ ಒಂದಿನ ನೀವೇ ಹೇಳಿದ್ರಲ್ಲ," ಎಂದಳು. "ನೀವು ಒಂದು ಮಾತು ಎತ್ತಿ. ಎತ್ತಿದ್ರೆ ನಾನು ಹಿಂದೆ ಸೇರ್ಕೋತೀನಿ, ಈ ಸಾಲು ತೆಗೀಲೇಬೇಕು ಅಂತೀನಿ. ನಾನೇ ಶುರು ಮಾಡೋಕಾಗಲ್ಲ, ಇನ್ನೂ ಸರ್ವಿಸ್ ಇದೆ ನನಗೆ. ನಾಚಿಕೆಗೇಡು, ಆದ್ರೆ ಇರೋದು ಇದೇ." ಇವನು ಆಗಲಿ ಎಂದು ತಲೆಯಾಡಿಸಿದ. ತಲೆ ತಾನಾಗಿಯೇ ಆಡಿತು, ಅದಕ್ಕೆ ಅಭ್ಯಾಸವಿದೆ. ಫೋನಿನ ವಿಷಯ ಎತ್ತಿದರೆ ಮುಂದಿನ ಪ್ರಶ್ನೆ ಏನು ಬರುತ್ತದೆಂದು ಅವಳಿಗೇನು ಗೊತ್ತು. ದೂರು ಬಂದಿತ್ತು. ಇವನ ತನಕ ಬಂದು ಇವನಲ್ಲೇ ನಿಂತುಹೋಗಿತ್ತು. ಕರಡಿನ ಆ ಸಾಲು ಅಕ್ಷರಶಃ ನಿಜವಾಗಿ ಉಳಿದದ್ದು ಇವನ ದಯೆಯಿಂದ. ಸರ್ಕಾರ ಇವನಿಗೆ ಕಾರು ಕಳಿಸುವುದರಲ್ಲಿ ತಪ್ಪೇನೂ ಇಲ್ಲ ಎಂದು ಅವನಿಗೆ ಒಂದು ಕೆಟ್ಟ ನಗೆ ಬಂತು.

ಕೋಣೆ ತಣ್ಣಗೆ ಕೊರೆಯುತ್ತಿತ್ತು. ಉದ್ದನೆಯ ಮೇಜು, ಒಬ್ಬೊಬ್ಬರ ಮುಂದೂ ಹೆಸರಿನ ಫಲಕ. ಇವನ ಫಲಕದ ಮೇಲೆ ಮಾತ್ರ ಹೆಸರಿಲ್ಲ, ಸಾರ್ವಜನಿಕ ಸದಸ್ಯ ಎಂದಷ್ಟೇ ಇತ್ತು. ಆಳು ಸಿಗುವ ಮೊದಲೇ ಫಲಕ ಮಾಡಿಸಿದ್ದರು. ಮೊದಲ ದಿನ ಕಾರ್ಯದರ್ಶಿ, ಬೇರೆ ಮಾಡಿಸ್ತೀವಿ ಸಾರ್, ಎಂದಿದ್ದ, ಆಮೇಲೆ ಅದು ಹಾಗೇ ಉಳಿಯಿತು. ಅಧ್ಯಕ್ಷರದ್ದೊಂದು ಪದ್ಧತಿ. ಕರಡಿನ ಒಂದೊಂದು ಪ್ಯಾರಾವನ್ನೂ ತಾವೇ ಗಟ್ಟಿಯಾಗಿ ಓದುತ್ತಾರೆ, ತೀರ್ಪು ಓದುವ ದನಿಯಲ್ಲಿ. ಓದಿ ಕನ್ನಡಕ ತೆಗೆಯುತ್ತಾರೆ. ತೆಗೆದು ಮೇಜಿನ ಸುತ್ತ ಒಂದು ಸಲ ಎಲ್ಲರ ಮುಖ ನೋಡುತ್ತಾರೆ. ಯಾರೂ ಮಾತಾಡದಿದ್ದರೆ, "ತಕರಾರಿಲ್ಲ," ಎಂದು ಕನ್ನಡಕ ಹಾಕಿಕೊಂಡು ಮುಂದಕ್ಕೆ ಹೋಗುತ್ತಾರೆ. ಮೌನಂ ಸಮ್ಮತಿ ಲಕ್ಷಣಂ, ಎಂದು ಮೊದಲ ದಿನವೇ ಹೇಳಿ ನಗಿಸಿದ್ದರು. ಅವರ ಕನ್ನಡಕದ ನಂಬರು ಎಷ್ಟಿರಬಹುದೆಂದು ಇವನು ದೂರದಿಂದಲೇ ಅಂದಾಜು ಮಾಡಿದ್ದ. ಅದನ್ನು ತೆಗೆದ ಮೇಲೆ ಆ ಕಣ್ಣುಗಳಿಗೆ ಎದುರಿನ ಮುಖಗಳೆಲ್ಲ ಒಂದೇ ಹಿಟ್ಟಿನ ಉಂಡೆಗಳು. ಹೀಗೆ ಏನೂ ಕಾಣದ ಕಣ್ಣಿನಿಂದ ಎಲ್ಲರ ಮುಖ ನೋಡಿ ಅವರು ಒಪ್ಪಿಗೆ ಪಡೆಯುತ್ತಿದ್ದಾರೆಂದು ಆ ಮೇಜಿನ ಸುತ್ತ ಗೊತ್ತಿದ್ದದ್ದು ಇವನೊಬ್ಬನಿಗೇ. ಇದನ್ನು ಯಾರಿಗಾದರೂ ಹೇಳಿ ನಗಬೇಕೆನ್ನಿಸಿದ್ದೂ ಉಂಟು. ಗುಂಡನಿಗೆ ಹೇಳಿದ್ದರೆ ಬಿದ್ದು ಬಿದ್ದು ನಗುತ್ತಿದ್ದ.

ಲಭ್ಯ ಸಂಪನ್ಮೂಲಗಳ ಮಿತಿಯಲ್ಲಿ ಸರ್ಕಾರವು ಸಕಾಲಿಕವಾಗಿ ಸ್ಪಂದಿಸಿತು. ತಕರಾರಿಲ್ಲ. ಬೀದಿಗಳನ್ನು ಮುಚ್ಚುವ ನಿರ್ಧಾರವು ಕೆಲವು ವರ್ಗದವರಿಗೆ ಅನಾನುಕೂಲ ಉಂಟುಮಾಡಿದರೂ ಅನಿವಾರ್ಯವಾಗಿತ್ತು. ತಕರಾರಿಲ್ಲ. ಹಾಸಿಗೆಗಳ ಹಂಚಿಕೆಯಲ್ಲಿ ಸುಧಾರಣೆಗೆ ಅವಕಾಶವಿದೆ. ಅಲ್ಲಿ ಯಾರೋ ಅವಕಾಶ ಎಂಬ ಕಡೆ ಸಾಕಷ್ಟು ಅವಕಾಶ ಎಂದು ಮಾಡಬಹುದೇ ಎಂದರು, ಚರ್ಚೆಯಾಗಿ ಅದು ಬೇಡವೆಂದಾಯಿತು. ಇವನ ವಾಕ್ಯ ಬಾಯೊಳಗೆ ಎದ್ದು ನಿಂತಿತ್ತು. ದಯವಿಟ್ಟು ಬಿಟ್ಟಿದ್ದ, ಅಪ್ಪಣೆ ಬಿಟ್ಟಿದ್ದ, ಈಗ ಬರೀ ಅಧ್ಯಕ್ಷರೇ ಎಂಬುದೊಂದೇ ಇತ್ತು, ಅದನ್ನು ಹೇಳಿಬಿಟ್ಟರೆ ಉಳಿದದ್ದು ತಾನಾಗಿ ಬರುತ್ತದೆ. ಪುಟ ತಿರುಗಿತು. ಭವನ ಎಂಬ ಪದ ತಲೆಬರಹದಲ್ಲಿ ದಪ್ಪಗೆ ಕಾಣಿಸಿತು. ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ಇವನ ಕಡೆ ನೋಡಿದಳು. ಅಧ್ಯಕ್ಷರು ಗಂಟಲು ಸರಿಮಾಡಿಕೊಂಡು, ಕನ್ನಡಕವನ್ನು ಮೇಲೆ ತಳ್ಳಲು ಕೈಯೆತ್ತಿದರು, ಕನ್ನಡಕದ ಒಂದು ಕಡ್ಡಿ ಕಳಚಿ ಅವರ ಕೈಗೆ ಬಂತು.

"ಅಯ್ಯೋ, ಇದೇನಿದು," ಎಂದರು. ಸಣ್ಣ ಸ್ಕ್ರೂ ಒಂದು ಮೇಜಿನ ಮೇಲೆ ಬಿದ್ದು, ಕರಡಿನ ಹಾಳೆಗಳ ನಡುವೆ ಉರುಳಿ ನಿಂತಿತು. ಕಾರ್ಯದರ್ಶಿ ಧಾವಿಸಿದ. ಅಧ್ಯಕ್ಷರು ಒಂದು ಕೈಯಲ್ಲಿ ಕಡ್ಡಿ, ಒಂದು ಕೈಯಲ್ಲಿ ಗಾಜು ಹಿಡಿದು, ಇವನು ಕೂತ ದಿಕ್ಕಿಗೆ ಅಂದಾಜಿನ ಮೇಲೆ ಮುಖ ಮಾಡಿ ನಕ್ಕರು. "ಸದ್ಯ, ನಮ್ಮ ಸಭೇಲೇ ತಜ್ಞರಿದ್ದಾರೆ." ಎಲ್ಲರೂ ನಕ್ಕರು. ಅವನಿಗೆ ಆಮೇಲೆ ನೆನಪು ಮಾಡಿಕೊಂಡಾಗ ಮೈ ಹಿಂಡಿದಂತಾದದ್ದು ಯಾವುದಕ್ಕೆಂದರೆ, ಅವರು ಹೇಳುವ ಮೊದಲೇ, ಯಾರೂ ನಗುವ ಮೊದಲೇ, ತನ್ನ ಕೈ ಕೋಟಿನ ಜೇಬಿನಲ್ಲಿತ್ತು. ಬೆರಳುದ್ದದ ಆ ಸ್ಕ್ರೂಡ್ರೈವರ್ ಸದಾ ಅಲ್ಲೇ ಇರುತ್ತದೆ. "ಕೊಡಿ ಸಾರ್, ಈಗ ಮಾಡ್ಕೊಡ್ತೀನಿ, ಏನೂ ದೊಡ್ಡದಲ್ಲ," ಎಂದ. ಸಮಿತಿಯಲ್ಲಿ ಇಷ್ಟು ದಿನದಲ್ಲಿ ಅವನು ಆಡಿದ ಮಾತುಗಳಲ್ಲಿ ಅದೇ ಎಲ್ಲಕ್ಕಿಂತ ನಿರಾಯಾಸವಾಗಿ ಬಂದದ್ದು. ಅಧ್ಯಕ್ಷರು, "ಅಷ್ಟರಲ್ಲಿ ಹೊತ್ತು ಯಾಕೆ ಹಾಳು ಮಾಡೋದು, ನೀವು ಓದಿ," ಎಂದು ಕಾರ್ಯದರ್ಶಿಗೆ ಹೇಳಿದರು.

ಕಾರ್ಯದರ್ಶಿ ಓದತೊಡಗಿದ. ಪ್ರದರ್ಶನ ಭವನದ ತಾತ್ಕಾಲಿಕ ಚಿಕಿತ್ಸಾ ಕೇಂದ್ರದಲ್ಲಿ ಸದರಿ ಸಂಜೆ ಆಮ್ಲಜನಕದ ಒತ್ತಡದಲ್ಲಿ ಅಲ್ಪಾವಧಿಯ ಇಳಿಕೆ ಕಂಡುಬಂದಿತ್ತು. ಇವನು ಸ್ಕ್ರೂವನ್ನು ಬೆರಳ ತುದಿಗೆ ಅಂಟಿಸಿಕೊಂಡು ಬೆಳಕಿಗೆ ಹಿಡಿದ. ಎಳೆ ಸವೆದಿತ್ತು, ನೇರಕ್ಕೆ ಕೂರುವುದಿಲ್ಲ, ಸ್ವಲ್ಪ ಓರೆ ಹಿಡಿದು ತಿರುಗಿಸಬೇಕು. ಕರ್ತವ್ಯನಿರತ ಸಿಬ್ಬಂದಿ ಇದನ್ನು ಕೂಡಲೇ ಗಮನಿಸಿ ಸರಿಪಡಿಸಿರುತ್ತಾರೆ. ಕಡ್ಡಿಯ ತೂತೂ ಚೌಕಟ್ಟಿನ ತೂತೂ ಒಂದೇ ಗೆರೆಗೆ ಬರಬೇಕು, ಉಸಿರು ಬಿಗಿಹಿಡಿದರೆ ಮಾತ್ರ ಕೈ ಅಲುಗುವುದಿಲ್ಲ. ಅವನು ಉಸಿರು ಬಿಗಿಹಿಡಿದಿದ್ದ. ಒಂದೊಂದು ಅಕ್ಷರವೂ ಕೇಳಿಸುತ್ತಿತ್ತು. ಆಮೇಲೆ ತಾನು ಕೆಲಸದಲ್ಲಿದ್ದೆ, ಕಿವಿಗೆ ಬೀಳಲಿಲ್ಲ, ಎಂದುಕೊಳ್ಳುವ ದಾರಿಯೂ ಅವನಿಗಿರಲಿಲ್ಲ. ಈ ಅವಧಿಯಲ್ಲಿ ರೋಗಿಗಳಿಂದಾಗಲಿ ಅವರ ಕಡೆಯವರಿಂದಾಗಲಿ ಯಾವ ದೂರೂ ಬಂದಿರಲಿಲ್ಲ. ಸ್ಕ್ರೂ ಎಳೆ ಹಿಡಿಯಿತು. ಈಗ ಹೇಳಬೇಕು. ಅಧ್ಯಕ್ಷರೇ ಎನ್ನಬೇಕು. ಆದರೆ ಕೈಯಲ್ಲಿ ಅರ್ಧ ಬಿಗಿದ ಕನ್ನಡಕ, ಹೀಗೇ ಕೆಳಗಿಟ್ಟರೆ ಮತ್ತೆ ಕಳಚುತ್ತದೆ, ಇನ್ನೊಂದು ಸುತ್ತು, ಇದೊಂದು ಸುತ್ತು ಆಗಿಬಿಡಲಿ. ಆದ್ದರಿಂದ ಸದರಿ ಸಂಜೆ ಸಂಭವಿಸಿದ ಸಾವುಗಳು ರೋಗದ ಸಹಜ ಪರಿಣಾಮವೆಂದು ಸಮಿತಿಯು ಭಾವಿಸುತ್ತದೆ. ಕಾರ್ಯದರ್ಶಿ ನಿಲ್ಲಿಸಿದ. ಕೋಣೆ ತಣ್ಣಗೆ ಗುಂಯ್ ಎನ್ನುತ್ತಿತ್ತು. ಡಾಕ್ಟರಮ್ಮನ ದೃಷ್ಟಿ ತನ್ನ ಕೆನ್ನೆಯ ಮೇಲಿದೆಯೆಂದು ನೋಡದೆಯೇ ಗೊತ್ತಾಗುತ್ತಿತ್ತು.

ಅಂದು ಅಧ್ಯಕ್ಷರು ಎಂದಿನಂತೆ ತಕರಾರಿಲ್ಲ ಎಂದುಬಿಟ್ಟಿದ್ದರೆ ಅವನಿಗೆ ಒಂದು ನೆಪವಾದರೂ ಉಳಿಯುತ್ತಿತ್ತು. ಅವರು ಎನ್ನಲಿಲ್ಲ. ಬರಿಗಣ್ಣಿನ ಮುಖವನ್ನು ಇವನ ಕಡೆಗೆ ತಿರುಗಿಸಿ, ನಿಜವಾದ ಮೆತ್ತನೆಯ ದನಿಯಲ್ಲಿ, "ಇದು ಭವನದ ವಿಷಯ. ನಿಮ್ಮ ಮನೆಯವರೇ ಅಲ್ಲಿದ್ರು ಅಂತ ನನಗೆ ಗೊತ್ತು. ನೀವೇನಾದ್ರೂ ಹೇಳೋದಿದ್ರೆ ಹೇಳಿ. ಅವಸರ ಇಲ್ಲ, ಕಾಯ್ತೀವಿ," ಎಂದರು. ಮುದುಕ ಕೆಟ್ಟವನಲ್ಲ. ಎದುರಿಗಿದ್ದವನು ಕಟುಕನಾಗಿದ್ದರೆ ಸುಲಭವಿತ್ತು. ಎಲ್ಲರೂ ಕಾದರು. ಅವನು ಎದ್ದು ನಿಂತ. ಡಾಕ್ಟರಮ್ಮ ಕುರ್ಚಿಯಲ್ಲಿ ಮುಂದಕ್ಕೆ ಸರಿದಳು. ಅವನು ಮೇಜನ್ನು ಬಳಸಿಕೊಂಡು ನಡೆದು ಅಧ್ಯಕ್ಷರ ಬಳಿ ಹೋದ. ಕೋಟಿನ ತುದಿಯಿಂದ ಎರಡು ಗಾಜನ್ನೂ ಒರೆಸಿದ. ಆಮೇಲೆ ಬಾಗಿ, ಗಿರಾಕಿಗೆ ತೊಡಿಸುವ ಹಾಗೆ, ಎರಡು ಕೈಯಿಂದಲೂ ಕನ್ನಡಕವನ್ನು ಅವರ ಕಿವಿಗಳ ಮೇಲೆ ಕೂರಿಸಿ, "ನೋಡಿ ಸಾರ್, ಈಗ ಹೇಗಿದೆ," ಎಂದ. "ಆಹಾ, ಹೊಸದರ ಹಾಗಾಯ್ತಲ್ಲ," ಎಂದರು ಅಧ್ಯಕ್ಷರು. ತಲೆಯನ್ನು ಅತ್ತ ಇತ್ತ ತಿರುಗಿಸಿ ನೋಡಿದರು. "ಮತ್ತೆ, ಹೇಳೋದು?" "ಏನಿಲ್ಲ ಸಾರ್." ಅವರು ಇವನ ಮುಖವನ್ನು ಹತ್ತಿರದಿಂದ, ಗಾಜಿನೊಳಗಿಂದ, ಚೆನ್ನಾಗಿ ನೋಡಿದರು. ಒಂದು ಗಳಿಗೆ ಇವನ ಭುಜ ಮುಟ್ಟಿದರು. "ದೊಡ್ಡ ಮನಸ್ಸು ನಿಮ್ಮದು," ಎಂದು ಕಾರ್ಯದರ್ಶಿಯ ಕಡೆ ತಿರುಗಿ, "ತಕರಾರಿಲ್ಲ, ಮುಂದಿನದು," ಎಂದರು.

ಚಹಾದ ಬಿಡುವಿನಲ್ಲಿ ಅವನು ಕಿಟಕಿಯ ಬಳಿ ಒಬ್ಬನೇ ನಿಂತಿದ್ದ. ಬಿಸ್ಕತ್ತು ತೆಗೆದುಕೊಂಡಿದ್ದ, ತಿನ್ನುವುದೋ ಬಿಡುವುದೋ ತಿಳಿಯದೆ ಹಿಡಿದುಕೊಂಡಿದ್ದ. ಡಾಕ್ಟರಮ್ಮ ಬರುವುದು ಕಂಡಿತು. ಬೈಯಲಿ, ಬೈದುಬಿಟ್ಟರೆ ಒಂದಿಷ್ಟು ತೀರುತ್ತದೆ, ನಿಮಗೇನು ಗೊತ್ತು ಎಂದು ತಾನೂ ಒಂದು ಮಾತು ಆಡಬಹುದು. ಅವಳು ಬೈಯಲಿಲ್ಲ. ತನ್ನ ಕಪ್ಪು ಚೌಕಟ್ಟಿನ ಕನ್ನಡಕ ತೆಗೆದು, ಕಡ್ಡಿ ಮಡಿಸಿ, ಇವನ ಮುಂದೆ ಹಿಡಿದಳು. "ಇದೂ ಸ್ವಲ್ಪ ಸಡಿಲ ಆಗಿದೆ," ಎಂದಳು. "ಬಿಡುವಾದಾಗ ನೋಡಿ." ದನಿಯಲ್ಲಿ ವ್ಯಂಗ್ಯವೂ ಇರಲಿಲ್ಲ, ಬರೀ ಸುಸ್ತು. ಅದಕ್ಕಿಂತ ಕೆನ್ನೆಗೆ ಹೊಡೆದಿದ್ದರೆ ಚೆನ್ನಾಗಿತ್ತು. ಅವನ ಕೈ ಜೇಬಿಗೆ ಹೋಯಿತು, ಹೋದದ್ದನ್ನು ಅವಳೂ ನೋಡಿದಳು, ಅವನೂ ನೋಡಿದ. ಅವಳು ಕನ್ನಡಕ ಹಿಂದಕ್ಕೆ ತೆಗೆದುಕೊಂಡು ಹಾಕಿಕೊಂಡು ಒಳಗೆ ಹೋದಳು. ಮಧ್ಯಾಹ್ನವೆಲ್ಲ ಅವನು ಕೂತಲ್ಲೇ ಕೂತಿದ್ದ. ಲಸಿಕೆಯ ಅಧ್ಯಾಯ ಮುಗಿಯಿತು, ಶಾಲೆಗಳ ಅಧ್ಯಾಯ ಮುಗಿಯಿತು, ಸಾಂಕ್ರಾಮಿಕವನ್ನು ಎದುರಿಸಿದ ರೀತಿ ಒಟ್ಟಾರೆ ತೃಪ್ತಿಕರ ಎಂದು ಅಂದಿನ ಕೊನೆಯ ಪುಟ ಹೇಳಿತು. ಹೊರಡುವಾಗ ಕಾರ್ಯದರ್ಶಿ ಬಾಗಿಲ ತನಕ ಬಂದು, ನಿಮ್ಮ ಅಂಗಡಿ ಎಲ್ಲಿ ಸಾರ್, ನಮ್ಮ ತಾಯಿಗೂ ಒಂದು ಮಾಡಿಸ್ಬೇಕು, ಎಂದು ವಿಳಾಸ ಕೇಳಿಕೊಂಡ. ಅವನು ದಾರಿಯ ಗುರುತುಗಳ ಸಮೇತ ಹೇಳಿದ.

ಕಾರಿನಲ್ಲಿ ಕೂತು ಹೆಂಡತಿಗೆ ಏನು ಹೇಳುವುದೆಂದು ಯೋಚಿಸಿದ. ವಿಷಯವೇ ಬರಲಿಲ್ಲ ಎನ್ನಬಹುದು. ಆದರೆ ನಾಳೆ ಬೆಳಿಗ್ಗೆ ಕೋಟು ಹಿಡಿದು ಮತ್ತೆ ಬರುತ್ತಾಳೆ. ಎತ್ತಿದೆ, ಅವರು ಕೇಳಲಿಲ್ಲ ಎನ್ನಬಹುದು. ಆಗ ಅವಳು ಸಮಿತಿಯ ಕಚೇರಿಗೇ ಹೊರಟಾಳು, ಹಗ್ಗ ದಾಟಿ ಒಳಗೆ ನುಗ್ಗುವ ಹೆಂಗಸು ಅವಳು. ನಿಜ ಹೇಳಿಬಿಡುವುದು ಮೂರನೆಯದು. ಅದು ಬಂದಷ್ಟೇ ಬೇಗ ಹೋಯಿತು. ಬೀದಿಯ ತಿರುವಿನಲ್ಲೇ ಇಳಿದು, 'ಇನ್ನು ಮುಂದೆ ಮನೆ ತನಕ ಬರೋದು ಬೇಡ,' ಎಂದು ಚಾಲಕನಿಗೆ ಹೇಳಿ ನಡೆದು ಬಂದ. ಔಷಧಿ ಅಂಗಡಿಯವನು, ಏನ್ ಸ್ವಾಮಿ ಕಾರು ಕೆಡ್ತಾ, ಎಂದು ಕೇಳಿದ.

ಅವಳು ಮೆಟ್ಟಿಲ ಮೇಲೇ ಕಾಯುತ್ತಿದ್ದಳು. "ಹೇಳಿದ್ರಾ?" ಎಂದಳು. ನೀರು ಬೇಕಾ ಎಂದೂ ಕೇಳಲಿಲ್ಲ. ಅವನು ಹೂಂ ಎಂದ. ಹೂಂ ಎನ್ನುವುದಕ್ಕೆ ಬಾಯಿ ತೆರೆಯುವುದೂ ಬೇಕಾಗಿಲ್ಲ. "ಏನಂದ್ರು?" "ಕೇಳಿದ್ರು. ಬರ್ಕೊಂಡ್ರು." ಅವಳು ಗೋಡೆಗೆ ಒರಗಿ ಕಣ್ಣು ಮುಚ್ಚಿ ಉಸಿರು ಬಿಟ್ಟಳು. ಇಷ್ಟು ತಿಂಗಳಲ್ಲಿ ಅವಳ ಭುಜ ಇಳಿದದ್ದನ್ನು ಅವನು ನೋಡಿದ್ದು ಅದೇ ಮೊದಲು. ಅಷ್ಟಕ್ಕೇ ನಿಂತಿದ್ದರೆ. ಅವಳು ಆಗಲೇ ಫೋನು ಹಿಡಿದು ದೊಡ್ಡಕ್ಕನ ಮನೆಗೆ ಮಾಡಿದ್ದಳು. ತಾಯಿ ಈಗ ಅಲ್ಲೇ ಇರುತ್ತಾಳೆ, ಕಿವಿ ಸ್ವಲ್ಪ ಮಂದ. "ಅಮ್ಮ, ಹೇಳಿದ್ರಂತೆ, ಬರ್ಕೊಂಡ್ರಂತೆ ಕಣಮ್ಮ," ಎಂದು ಎರಡು ಸಲ ಗಟ್ಟಿಯಾಗಿ ಹೇಳಿ, ಕಣ್ಣೊರೆಸಿಕೊಳ್ಳುತ್ತ ಫೋನನ್ನು ಅವನ ಮುಂದೆ ಹಿಡಿದಳು. "ನಿಮ್ಮ ಹತ್ರ ಮಾತಾಡ್ಬೇಕಂತೆ."

"ಅಳಿಯಂದ್ರೇ," ಎಂದಿತು ಮುದಿ ದನಿ, ಮೆಟ್ಟಿಲುದ್ದಕ್ಕೂ ಕೇಳಿಸುವಷ್ಟು ಜೋರಾಗಿ. "ದೊಡ್ಡೋರ ಮುಂದೆ ನಿಂತು ಹೇಳೋದು ಸುಮ್ನೆ ಮಾತಲ್ಲ. ನೀವು ಹೇಳಿದ್ರಲ್ಲ, ನನಗೆ ಅಷ್ಟು ಸಾಕು. ಏನಂತ ಹೇಳಿದ್ರಿ? ನನಗೂ ಒಂದ್ಸಲ ಹೇಳಿ. ಅಲ್ಲಿ ಹೇಳಿದ ಹಾಗೇ ಹೇಳಿ." ಅವನು ಹೆಂಡತಿಯನ್ನು ನೋಡಿದ. ಹೇಳಿ, ಎಂದು ಅವಳು ಕೈ ಮಾಡಿದಳು. ಆಗ ಅವನು ಹೇಳಿದ. ಅಧ್ಯಕ್ಷರೇ, ಈ ಪ್ಯಾರಾದ ಬಗ್ಗೆ ನನ್ನದೊಂದು ಮಾತಿದೆ, ಎಂದು ಶುರುಮಾಡಿದ. ದಯವಿಟ್ಟು ಬರಲಿಲ್ಲ, ಅಪ್ಪಣೆ ಬರಲಿಲ್ಲ, ಎಲ್ಲಿಯೂ ತಡವರಿಸಲಿಲ್ಲ. ದೂರು ಬಂದಿಲ್ಲ ಅನ್ನೋದು ಸುಳ್ಳು, ನನ್ನ ಬಾಮೈದ ಹಾಸಿಗೆಯಿಂದಲೇ ಫೋನ್ ಮಾಡಿದ್ದ, ಗಾಳಿ ಬರ್ತಿಲ್ಲ ಅಂದ, ಪಕ್ಕದೋರಿಗೂ ಬರ್ತಿಲ್ಲ ಅಂದ, ಯಾರೂ ಕಾಣಿಸ್ತಿಲ್ಲ ಅಂದ. ಅವನಿಗೆ ಯಾವ ಹಳೇ ಕಾಯಿಲೆಯೂ ಇರ್ಲಿಲ್ಲ, ಸಾಮಾನು ಹೊತ್ತು ಮಹಡಿ ಓಡಿ ಹತ್ತೋ ಹುಡುಗ. ಅವನು ರೋಗದಿಂದ ಸಾಯ್ಲಿಲ್ಲ, ಉಸಿರು ಸಿಗದೆ ಸತ್ತ. ಇದನ್ನ ಬರೀದೆ ಈ ವರದಿಗೆ ನಾನು ಒಪ್ಪಲ್ಲ. ಅವನ ದನಿ ಏರಿತ್ತು. ಬೀದಿಗೂ ಕೇಳಿಸಿರಬೇಕು, ಕೆಳಗೆ ದರ್ಜಿಯ ಯಂತ್ರ ನಿಂತಿತು. ಹೆಂಡತಿ ಮೆಟ್ಟಿಲ ಮೇಲೆ ಕೂತು ಸೆರಗು ಬಾಯಿಗೆ ಒತ್ತಿಕೊಂಡು ಬಿಕ್ಕುತ್ತಿದ್ದಳು. ಅವನ ಕಣ್ಣಲ್ಲೂ ನೀರಿತ್ತು, ಆ ನೀರು ಸುಳ್ಳಿನದಾಗಿರಲಿಲ್ಲ.

"ಅಷ್ಟು ಕಷ್ಟದಲ್ಲೂ ನಿಮಗೇ ಮಾಡಿದ್ನಲ್ಲಪ್ಪ," ಎಂದಳು ಮುದುಕಿ. "ನನಗೆ ಮಾಡ್ಲಿಲ್ಲ, ಅಕ್ಕನಿಗೆ ಮಾಡ್ಲಿಲ್ಲ. ನೀವು ಅಂದ್ರೆ ಅಷ್ಟು." ಆಮೇಲೆ, "ಅದಕ್ಕೆ ನೀವೇನಂದ್ರಿ ಅವನಿಗೆ?" ಎಂದು ಕೇಳಿದಳು.

ಹೆಂಡತಿ ತಲೆಯೆತ್ತಿ ಅವನನ್ನು ನೋಡಿದಳು. ಅವಳಿಗೂ ಆ ಪ್ರಶ್ನೆ ಈಗಲೇ ಹೊಳೆದಂತಿತ್ತು.

"ಗಲಾಟೆ ಮಾಡು ಅಂದೆ ಅತ್ತೆ," ಎಂದ. "ಎದ್ದು ಜೋರಾಗಿ ಕೂಗು, ಯಾರನ್ನಾದ್ರೂ ಕರಿ ಅಂದೆ."

ಮುದುಕಿಯ ಉಸಿರು ಫೋನಿನಲ್ಲಿ ಗೊರಗೊರ ಕೇಳಿಸುತ್ತಿತ್ತು. "ಅಯ್ಯೋ ನನ್ನ ಕಂದ," ಎಂದಳು. "ನೀವು ಅಳಿಯನಾಗಿ ಬಂದಾಗಿಂದ ನಿಮ್ಮದೊಂದು ಮಾತು ಮೀರಿದವನಲ್ಲ ಅವನು. ಅವತ್ತೊಂದು ದಿನ ಯಾಕೆ ಕೇಳ್ಲಿಲ್ಲವೋ."